ವಾಲ್ಬುರ್ಗಾ ಯಾವ ಊರಿನವಳು

ಪೊಲೀಸಿನವನು ವಾಲ್ಬುರ್ಗಾಳನ್ನು ಗಾಡಿಯಿಂದ ಇಳಿಸಿದ್ದು ಇದು ನಾಲ್ಕನೇ ಸಲ. ಎರಡು ಸಲ ಗಂಡನ ಊರು ರೀಡ್‌ಬಾಖಿನಲ್ಲಿ, ಎರಡು ಸಲ ಹುಟ್ಟೂರು ಆಲ್ಟನ್‌ವಾಂಗಿನ ಪುರಸಭೆಯ ಮುಂದೆ. ಐದು ವರ್ಷದ ಮಗಳು ಆಫ್ರಾ ಅವಳ ಹೆಗಲ ಮೇಲೆ ನಿದ್ದೆಹೋಗಿದ್ದಳು.

ಗಂಡ ಕಿಲಿಯಾನ್ ನೇಕಾರ. ಅವನ ಮದುವೆಗೆ ರೀಡ್‌ಬಾಖಿನ ಹಿರಿಯರು ಒಪ್ಪಿರಲಿಲ್ಲ. ಒಂದು ಮಗ್ಗ ನಂಬಿಕೊಂಡು ಸಂಸಾರ ಹೂಡ್ತಾನಂತೆ, ನಾಳೆ ಇವನ ಮಕ್ಕಳನ್ನ ಊರು ಸಾಕಬೇಕಾ ಎಂದಿದ್ದರು. ಇಬ್ಬರೂ ಗಡಿ ದಾಟಿ ಸ್ವಿಸ್ ಹಳ್ಳಿಯೊಂದರ ಚರ್ಚಿನಲ್ಲಿ ಮದುವೆಯಾಗಿ ಬಂದು ಆಲ್ಟನ್‌ವಾಂಗಿನಲ್ಲಿ ಬಾಡಿಗೆ ಕೋಣೆ ಹಿಡಿದರು. ಆರು ವರ್ಷ ಯಾರೂ ಏನೂ ಕೇಳಲಿಲ್ಲ. ಈ ಚಳಿಗಾಲದಲ್ಲಿ ಕಿಲಿಯಾನ್ ಕೆಮ್ಮಿ ಕೆಮ್ಮಿ ತೀರಿಕೊಂಡ. ಒಲೆಗೆ ಸೌದೆ ಬೇಕೆಂದು ಅವಳು ಪುರಸಭೆಗೆ ಅರ್ಜಿ ಕೊಟ್ಟಳು. ಅಲ್ಲಿಗೆ ಎಲ್ಲರ ಕಣ್ಣಿಗೆ ಬಿದ್ದಳು.

ಬಡವರನ್ನು ಅವರವರ ಊರೇ ಸಾಕಬೇಕು, ಮದುವೆಯಾದವಳಿಗೆ ಗಂಡನ ಊರೇ ಊರು ಎಂದು ಆಲ್ಟನ್‌ವಾಂಗಿನವರು ಗಾಡಿ ಹತ್ತಿಸಿದರು. ರೀಡ್‌ಬಾಖಿನ ಪಟೇಲ ಅವಳ ಮದುವೆಯ ಕಾಗದ ನೋಡಿ ನಕ್ಕ.

"ನಾವು ಒಪ್ಪದ ಮದುವೆ ಮದುವೆನೇ ಅಲ್ಲ ಕಣಮ್ಮ. ನೀನಿನ್ನೂ ನಿಮ್ಮಪ್ಪನ ಮನೆ ಹುಡುಗಿ. ಅಲ್ಲಿಗೇ ಹೋಗು."

ಈ ಸಲ ಅಣ್ಣ ಲೆಯೊನ್‌ಹಾರ್ಟ್ ಪುರಸಭೆಯ ಬಾಗಿಲಲ್ಲೇ ಕಾಯುತ್ತಿದ್ದ. ಅವನು ಬ್ರೆಡ್ ಸುಡುವವನು, ಪುರಸಭೆಯ ಸದಸ್ಯನೂ ಹೌದು. ತಂಗಿಯನ್ನು ತನ್ನ ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದು ಅವಳ ಮುಂದೆ ಬಿಸಿ ಸಾರು ಇಟ್ಟ. ಪಕ್ಕದಲ್ಲೊಂದು ಕಾಗದವನ್ನೂ ಇಟ್ಟ.

"ಇದಕ್ಕೆ ಸಹಿ ಮಾಡು. ಕಿಲಿಯಾನ್ ಜೊತೆ ನಂಗೆ ಮದುವೇನೇ ಆಗಿರ್ಲಿಲ್ಲ ಅಂತಿದೆ. ಆಮೇಲೆ ನಿನ್ನ ಈ ಊರಿಂದ ಯಾರೂ ಕದಲ್ಸೋಕಾಗಲ್ಲ."

"ಆಫ್ರಾ?"

"ಅವಳೂ ಇಲ್ಲಿಯವಳೇ ಆಗ್ತಾಳೆ."

"ಅಪ್ಪ ಇಲ್ಲದ ಕೂಸು ಅಂತ ಬರ್ಕೋತಾರೆ. ಅಲ್ವಾ ಅಣ್ಣ?"

ಅವನು ಕೈಯ ಹಿಟ್ಟನ್ನು ಒರೆಸಿಕೊಳ್ಳುತ್ತಾ, "ಹೂಂ, ಬರ್ಕೋತಾರೆ" ಎಂದ.

"ಮಾಡದಿದ್ರೆ?"

"ನಾಳೆ ಮತ್ತೆ ಗಾಡಿ." ನೆಲ ನೋಡುತ್ತಾ ಹೇಳಿದ: "ಮೊದಲ್ನೇ ಸಲ ನಿನ್ನ ಕಳಿಸುವಾಗ ಸಭೇಲಿ ನಾನೂ ಒಪ್ಪಿ ಕೈ ಎತ್ತಿದ್ದೆ."

"ಗೊತ್ತಣ್ಣ. ನಿನ್ನ ಅಂಗಡಿಗೆ ಬರೋರೇ ಹೇಳಿದ್ರು."

ಅವಳು ಮನಸ್ಸಿನಲ್ಲೇ ಎಲ್ಲ ದಾರಿಯನ್ನೂ ನಡೆದು ನೋಡಿದಳು. ಊರಿನ ಗುರುತಿನ ಕಾಗದವಿಲ್ಲದೆ ಗಡಿಯಾಚೆ ಬಿಡುವುದಿಲ್ಲ. ಮಗು ಕಟ್ಟಿಕೊಂಡವಳನ್ನು ಮನೆಗೆಲಸಕ್ಕೆ ಯಾರೂ ಇಟ್ಟುಕೊಳ್ಳುವುದಿಲ್ಲ. ಸಾರು ಆರುತ್ತಿತ್ತು. ಆಫ್ರಾಳನ್ನು ಎಬ್ಬಿಸಿ ಮೊದಲು ಅವಳಿಗೆ ಕುಡಿಸಿದಳು, ಆಮೇಲೆ ಸಹಿ ಮಾಡಿದಳು.

ಪುರಸಭೆಯ ಗುಮಾಸ್ತ ಅವಳ ಮದುವೆಯ ಕಾಗದವನ್ನೂ ಕೇಳಿ ಪಡೆದು ಕಡತಕ್ಕೆ ಸೇರಿಸಿದ. ಊರು ನಡೆಸುವ ಬಡವರ ಮನೆಯಲ್ಲಿ ತಾಯಿ ಮಗಳಿಗೆ ಒಂದು ಮಂಚದಷ್ಟು ಜಾಗ ಸಿಕ್ಕಿತು.

ಭಾನುವಾರ ಚರ್ಚಿನಲ್ಲಿ ವಿಧವೆಯರ ಸಾಲಿಗೆ ಹೋಗಿ ಕುಳಿತಳು. ಚರ್ಚಿನ ಆಳು ಬಂದು ಭುಜ ಮುಟ್ಟಿದ.

"ಇಲ್ಲಲ್ಲಮ್ಮ. ಹಿಂದೆ."

ಅವಳು ಎದ್ದು, ಬಾಗಿಲ ಬಳಿ ಮಗಳೊಡನೆ ಮೊಣಕಾಲೂರಿದಳು.

"ಅಮ್ಮ, ಅಪ್ಪಂಗೋಸ್ಕರ ಬೇಡ್ಕೊಳ್ಲಾ?" ಎಂದಳು ಆಫ್ರಾ.

"ಬೇಡ್ಕೊ. ಹೆಸರು ಮಾತ್ರ ಮೆಲ್ಲಗೆ ಹೇಳು."