ಬೋನಿನೊಳಗಿಂದ ಬಂದ ನಂಬರು

ಹೆತ್ತೂರಿನ ಹತ್ತಿರದ ಎಸ್ಟೇಟಿನಲ್ಲಿ ಬೋನಿಗೆ ಚಿರತೆ ಬಿದ್ದಿದೆಯೆಂದು ಫೋನು ಬಂದಾಗ ಪಶುವೈದ್ಯೆ ಚಂದ್ರಿಕಾ ಊಟಕ್ಕೆ ಕೂತಿದ್ದಳು. ಕೈ ತೊಳೆದು ಎದ್ದೇಬಿಟ್ಟಳು. ಅದು ೨೦೦೮ರ ಬೇಸಿಗೆ. ಹಿಂದಿನ ವರ್ಷ ಹಂದಿಗೆ ಒಡ್ಡಿದ ತಂತಿ ಉರುಳಿಗೆ ಸಿಕ್ಕಿ ಸೊಂಟ ಕೊಯ್ದುಹೋಗಿದ್ದ ಹೆಣ್ಣು ಚಿರತೆಯೊಂದಕ್ಕೆ ಅವಳೇ ಹೊಲಿಗೆ ಹಾಕಿದ್ದಳು. ಭುಜದ ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕ ಗುರುತಿನ ಚಿಪ್ ಸೇರಿಸಿ ಬಿಸಿಲೆ ಕಾಡಿಗೆ ಬಿಡಿಸಿದ್ದಳು. ಅದು ಬದುಕುವುದಿಲ್ಲ ಎಂದೇ ಎಲ್ಲರೂ ಹೇಳಿದ್ದರು. ಇದು ಅದೇ ಆಗಿದ್ದರೆ?

ಪ್ರಾಣಿ ಸರಳಿಗೆ ಹಲ್ಲು ಮುರಿದುಕೊಳ್ಳಬಾರದೆಂದು ಬೋನಿನ ಸುತ್ತಲೂ ಕಬ್ಬಿಣದ ತಗಡು ಹೊಡೆದಿದ್ದರು. ನೀರಿಡಲು ಒಂದು ಕಿಂಡಿ ಮಾತ್ರವಿತ್ತು. ಚಂದ್ರಿಕಾ ಅಲ್ಲಿಂದ ಟಾರ್ಚ್ ಬಿಟ್ಟು ನೋಡಿದಳು. ಹಳದಿ ಕಣ್ಣು, ಜೋಲುಬಿದ್ದ ತುಂಬಿದ ಹೊಟ್ಟೆ. ಹಳೆ ಗಾಯದ ಗುರುತು ಆ ಕತ್ತಲಲ್ಲಿ ಕಾಣುವಂತಿರಲಿಲ್ಲ. ಚಿಪ್ ಓದುವ ರೀಡರನ್ನು ತಗಡಿಗೆ ಒತ್ತಿ ಹಿಡಿದಳು. ಸದ್ದಿಲ್ಲ.

"ಕೆಟ್ಟೋಗ್ಬುಡ್ತಾ ಮೇಡಂ?" ಫಾರೆಸ್ಟ್ ವಾಚರ್ ವೀರಯ್ಯ ಕೇಳಿದ.

"ಇಲ್ಲ ವೀರಯ್ಯ. ಇದರಿಂದ ಹೊರಡೋ ಅಲೆ ಚಿಪ್‌ಗೆ ಮುಟ್ಟಬೇಕು, ತಗಡು ನಡುವೆ ತಡೀತಿದೆ."

"ಮತ್ತು ಬರಿಸಿ ನೋಡೋಣ ಬಿಡಿ," ಎಂದರು ರೇಂಜರ್ ದಯಾನಂದ.

"ಬೇಡ ಸಾರ್, ಗಬ್ಬ ಆಗಿದೆ. ಈ ಬಿಸಿಲಲ್ಲಿ ಮದ್ದು ಕೊಟ್ರೆ ಮರಿಗೂ ಅಪಾಯ, ತಾಯಿಗೂ ಅಪಾಯ."

ಹಾಗಾದರೆ ರೀಡರೇ ಒಳಗೆ ಹೋಗಬೇಕು ಎಂದು ಅವಳಿಗೆ ಹೊಳೆಯಿತು. ವೀರಯ್ಯ ಕಬ್ಬಿಣದ ಸಲಾಕೆ ತಂದ.

"ಕಬ್ಬಿಣ ಬೇಡವೇ ಬೇಡ, ಅದೂ ಅಲೆ ತಡೆಯುತ್ತೆ. ಬಿದಿರು ಕೊಡು!"

ಸೈಕಲ್ ಟ್ಯೂಬಿನಿಂದ ರೀಡರನ್ನು ಬಿದಿರು ಗಳದ ತುದಿಗೆ ಬಿಗಿದು, ಗುಂಡಿ ಒತ್ತಿ, ಕಿಂಡಿಯೊಳಗೆ ತೂರಿಸಿದಳು. ಒಳಗಿನಿಂದ ಎದೆ ಅದುರಿಸುವಂಥ ಗರ್ಜನೆ. ಬೋನೇ ಅಲುಗಿತು. ಚಿರತೆ ಎರಡೂ ಪಂಜದಿಂದ ರೀಡರನ್ನು ತಬ್ಬಿ ಎದೆಯಡಿಗೆ ಎಳೆದುಕೊಂಡಿತು. ಗಳ ಅವಳ ಅಂಗೈ ತರಚುತ್ತಾ ಜಾರತೊಡಗಿತು.

"ಬುಡಿ ಮೇಡಂ, ಕೈ ಹೋಯ್ತದೆ!"

"ಬಿಡಲ್ಲ ಕಣೋ, ನೀನೂ ಹಿಡ್ಕೋ!"

ಇಬ್ಬರೂ ಜಗ್ಗಿದರು. ಚಿರತೆ ಇನ್ನೊಂದು ಬದಿಗೆ ಹೊರಳಿತು, ಅದರ ಭುಜ ರೀಡರಿಗೆ ಒತ್ತಿತು. ಆಗಲೇ ಒಳಗಿನಿಂದ ಒಂದು ಸಣ್ಣ ಸದ್ದು: ಬೀಪ್!

ಸುತ್ತ ನಿಂತ ಎಸ್ಟೇಟಿನ ಆಳುಗಳೆಲ್ಲ ಕತ್ತು ಚಾಚಿದರು. ಚಿರತೆಯ ಹಿಡಿತ ಸಡಿಲವಾದದ್ದೇ ಚಂದ್ರಿಕಾ ಗಳವನ್ನು ಸರ್ರನೆ ಹೊರಗೆಳೆದಳು. ರೀಡರಿನ ಮೇಲೆ ಹಲ್ಲಿನ ತೂತುಗಳು, ಜೊಲ್ಲು. ಅಂಗಿಯ ತುದಿಯಿಂದ ಒರೆಸಿದಳು. ಪರದೆಯಲ್ಲಿ ನಂಬರು ಮೂಡಿತ್ತು. ಕೊನೆಯ ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ವರ್ಷವಿಡೀ ಬಾಯಲ್ಲಿ ಉಳಿದಿದ್ದ ನಂಬರು ಅದು.

"ಅವಳೇ ಸಾರ್! ನಮ್ಮವಳೇ! ಬದುಕಿದಾಳೆ, ಮರಿ ಬೇರೆ ಹೊತ್ತಿದಾಳೆ!" ಎಂದು ಕುಣಿದೇಬಿಟ್ಟಳು. ದಯಾನಂದ ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಾ ನಕ್ಕರು. ಎಸ್ಟೇಟಿನ ಕೂಲಿ ಲೈನಿನ ಮನೆಯವಳಾದ ಬೆಟ್ಟಮ್ಮ ಬೋನಿನ ಕಡೆಗೆ ಕೈಮುಗಿದಳು.

ಹೊತ್ತಿಳಿಯುವ ಮೊದಲೇ ಬಿಸಿಲೆ ಕಾಡಿನಂಚಿನಲ್ಲಿ ಬೋನಿನ ಬಾಗಿಲು ಎತ್ತಿದರು. ಚಿರತೆ ಒಂದು ಕ್ಷಣ ತಲೆ ಹೊರಹಾಕಿ ಗಾಳಿ ಮೂಸಿತು. ಆಮೇಲೆ ಒಂದೇ ನೆಗೆತಕ್ಕೆ ಹಳ್ಳ ದಾಟಿ ವಾಟೆ ಬಿದಿರಿನ ಪೊದೆಯೊಳಗೆ ಸೇರಿಹೋಯಿತು.

"ಮರಿಗಳಿಗೂ ಚಿಪ್ ಹಾಕ್ಬೇಕಾಯ್ತದಾ ಮೇಡಂ?" ಎಂದ ವೀರಯ್ಯ.

"ಅವು ನಮ್ಮ ಕೈಗೆ ಸಿಗೋದೇ ಬೇಡ ಮಾರಾಯ," ಎಂದಳು ಚಂದ್ರಿಕಾ, ಇನ್ನೂ ಪೊದೆಯನ್ನೇ ನೋಡುತ್ತಾ.