ಚಿಪ್ಪೆಣ್ಣೆ ಹಚ್ಚಿದ ಗಾಯ

ನಿಟ್ಟೂರಿನ ಚೆನ್ನಮ್ಮನವರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನವನು ನೀರು ಬೆರೆಸುತ್ತಾನೆಂದು ಅನುಮಾನ, ಕೊಬ್ಬರಿ ವ್ಯಾಪಾರಿಯ ತಕ್ಕಡಿ ಮೇಲೆ ಅನುಮಾನ, ಗಂಡ ದೊಡ್ಡರಂಗಯ್ಯನವರ ಮೇಲಂತೂ ದಿನಕ್ಕೊಂದು ಅನುಮಾನ. ಹಾಗಾಗಿ ಭಾನುವಾರ ಬೆಳಿಗ್ಗೆ ಮೊಮ್ಮಗಳು ಇಂಪನಾ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದುದು ಅವರ ಕಣ್ಣು ತಪ್ಪಲಿಲ್ಲ.

"ಬಾ ಇಲ್ಲಿ. ಸ್ಕೂಲಿಲ್ಲ, ಸಾಕ್ಸ್ ಯಾಕೆ?"

"ಚಳಿ ಅಜ್ಜಿ."

"ಒಂದೇ ಕಾಲಿಗೆ ಚಳಿನಾ?"

ಎಳೆದು ನೋಡಿದರೆ ಕಾಲಿನ ಮೇಲೆ ಹಲ್ಲಿನ ಗುರುತು, ಸುತ್ತಲೂ ಕಪ್ಪಗೆ ಮೆತ್ತಿದ ಚಿಪ್ಪೆಣ್ಣೆ. ತೆಂಗಿನ ಚಿಪ್ಪು ಸುಟ್ಟು ಇಳಿಸುವ ಈ ಎಣ್ಣೆ ದೊಡ್ಡರಂಗಯ್ಯನವರ ಪಾಲಿಗೆ ಹುಳುಕಡ್ಡಿಯಿಂದ ಹಿಡಿದು ಎಲ್ಲದಕ್ಕೂ ಮದ್ದು. ಅವರು ತಲೆ ತಗ್ಗಿಸಿ ಹೇಳಿದರು.

"ನಮ್ಮ ನಾಯಿಮರಿ ಕಣೇ. ಮೊನ್ನೆ ಆಟ ಆಡ್ತಾ ಕಚ್ತು. ನಿಂಗೆ ಗೊತ್ತಾದ್ರೆ ಓಡಿಸ್ಬುಡ್ತೀಯ ಅಂತ ಸುಮ್ನಿದ್ವಿ."

ವಿಚಿತ್ರ ನೋಡಿ, ಚೆನ್ನಮ್ಮ ಅಲ್ಲಿಗೇ ತಣ್ಣಗಾದರು. ಲೋಕದಲ್ಲಿ ಅವರು ನಂಬಿದ್ದ ಒಂದೇ ಜೀವ ಆ ನಾಯಿಮರಿ! "ನಮ್ಮನೆ ಹಾಲು ಕುಡ್ದು ಬೆಳ್ದಿರೋದು. ಬೀದಿ ನಾಯಿನಾ ಅದು? ಏನೂ ಆಗಲ್ಲ ಬುಡಿ" ಎಂದರು.

ಅದೇ ಹೊತ್ತಿಗೆ ಬಂದ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಕಲ್ಲಮ್ಮ ಗಾಯ ನೋಡಿ ಗಾಬರಿಯಾದರು.

"ಅಕ್ಕಾ, ಮೊದ್ಲು ಎಣ್ಣೆ ತೊಳೀರಿ. ಸೋಪು ಹಾಕಿ, ನಲ್ಲಿ ನೀರು ಬಿಟ್ಟು ಕಾಲು ಗಂಟೆ ತೊಳೀಬೇಕು. ಆಮೇಲೆ ಗುಬ್ಬಿ ಆಸ್ಪತ್ರೆಗೆ ಹೊರಡಿ."

ಚೆನ್ನಮ್ಮನವರ ಅನುಮಾನ ತಿರುಗಿ ಎದ್ದು ಕೂತಿತು. "ಅಷ್ಟು ಅವಸರ ಯಾಕೆ? ನಮ್ಮ ಮಗೂಗೆ ಸೂಜಿ ಚುಚ್ಚಿಸಿದ್ರೆ ನಿಂಗೇನೇ ಲಾಭ? ಹೊಕ್ಕಳ ಸುತ್ತ ಚುಚ್ತಾರಂತೆ!"

"ಆ ಕಾಲ ಹೋಯ್ತಕ್ಕ. ಈಗ ತೋಳಿಗೆ. ಗಾಯ ಆಗಿರೋದ್ರಿಂದ ಅದರ ಸುತ್ತಾನೂ ಒಂದು ಮದ್ದು ಕೊಡ್ತಾರೆ. ಮರಿಗೆ ಲಸಿಕೆ ಹಾಕ್ಸಿದೀರಾ?"

"ಮನೇಲಿರೋ ಮರಿಗೆ ಯಾಕೆ?"

"ಮನೇಲೇ ಇರುತ್ತಾ? ಹಾಲಿನವ್ನ ನಂಬಲ್ಲ, ಊರೆಲ್ಲಾ ಸುತ್ತೋ ಮರಿನ ನಂಬ್ತೀರಲ್ಲಕ್ಕ."

ಆಗ ಇಂಪನಾ ಮೆಲ್ಲಗೆ ಬಾಯಿಬಿಟ್ಟಳು. "ಹೋದ ತಿಂಗ್ಳು ಸಂತೇಲಿ ದೊಡ್ಡ ನಾಯಿ ಅದರ ಕಿವಿ ಕಚ್ಚಿತ್ತಜ್ಜಿ. ಅದಕ್ಕೂ ತಾತ ಚಿಪ್ಪೆಣ್ಣೆ ಹಚ್ಚಿದ್ರು. ನಿನ್ನೆಯಿಂದ ಹಾಲೂ ಮುಟ್ತಿಲ್ಲ."

ಚೆನ್ನಮ್ಮ ಕೊಟ್ಟಿಗೆಯತ್ತ ಓಡಿದರು, ಕಲ್ಲಮ್ಮ ಹಿಂದೆಯೇ ಹೋದರು. ಕೊಟ್ಟಿಗೆ ಮೂಲೆಯಲ್ಲಿ ಮುದುರಿದ್ದ ಮರಿಯ ಬಾಯಲ್ಲಿ ಜೊಲ್ಲು ಇಳಿಯುತ್ತಿತ್ತು.

"ಯಾರೂ ಮುಟ್ಬೇಡಿ" ಎಂದು ಕಲ್ಲಮ್ಮ ಕೊಟ್ಟಿಗೆ ಬಾಗಿಲು ಹಾಕಿಸಿ, ಪಶು ಆಸ್ಪತ್ರೆಗೆ ಫೋನ್ ಮಾಡಿದರು. ಆಮೇಲೆ ಕಾಯಿ ಸುಲಿದು ಗೀರು ಬಿದ್ದಿದ್ದ ದೊಡ್ಡರಂಗಯ್ಯನವರ ಕೈ ನೋಡಿದರು. "ಅಣ್ಣಾ, ಈ ಕೈನ ಮರಿ ನೆಕ್ಕಿದ್ಯಾ?"

"ದಿನಾ ನೆಕ್ಕುತ್ತೆ."

"ಹಂಗಾದ್ರೆ ನೀವೂ ಕೈ ತೊಳ್ದು ಹೊರಡಿ. ಜೊಲ್ಲು ಗೀರಿಗೆ ತಾಗಿದ್ರೂ ರೇಬೀಸ್ ಬರಬೋದು. ಬಂದ ಮೇಲೆ ಉಳಿಸ್ಕೊಳ್ಳೋಕೆ ಮದ್ದಿಲ್ಲ. ಬರೋಕೆ ಮುಂಚೆ ಇದೆ."

ಇಂಪನಾಳ ಕಾಲು, ತಾತನ ಕೈ ಎರಡನ್ನೂ ಸೋಪು ಹಾಕಿ ಕಾಲು ಗಂಟೆ ತೊಳೆಯುವಷ್ಟರಲ್ಲಿ ಮಗ ಅನಂತರಾಜು ಆಟೋ ತಂದ. ಗುಬ್ಬಿ ಆಸ್ಪತ್ರೆಯಲ್ಲೂ ಚೆನ್ನಮ್ಮ ಸುಮ್ಮನಿರಲಿಲ್ಲ. ಮದ್ದಿನ ಮೇಲಿನ ತಾರೀಖು ಓದಿಸಿದರು, ಫ್ರಿಜ್‌ನಿಂದ ತೆಗೆದದ್ದೇ ಎಂದು ಕೇಳಿದರು. ನರ್ಸ್ ನಗುತ್ತಾ ಎಲ್ಲವನ್ನೂ ತೋರಿಸಿದರು. ಇಂಪನಾ ಅತ್ತಳು, ತಾತ ಅವಳಿಗಿಂತ ಹೆಚ್ಚು ಮುಖ ಹಿಂಡಿದರು.

ಎರಡು ದಿನಕ್ಕೆ ಮರಿ ಸತ್ತಿತು. ಪರೀಕ್ಷೆ ಮಾಡಿಸಿದ ಪಶುವೈದ್ಯರು ರೇಬೀಸ್ ಎಂದೇ ಹೇಳಿದರು. ದೊಡ್ಡರಂಗಯ್ಯ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತುಬಿಟ್ಟರು. ಆಮೇಲಿನ ಸೂಜಿಗಳಿಗೆ ಯಾರೂ ಹೇಳಬೇಕಾಗಲಿಲ್ಲ. ಡಾಕ್ಟರು ಹೇಳಿದ ದಿನ ತಪ್ಪದೆ, ಅಜ್ಜಿಯೇ ಇಬ್ಬರನ್ನೂ ಎಬ್ಬಿಸಿ ಹೊರಡಿಸಿದರು. ಇಂಪನಾ ಈಗ ಎರಡೂ ಕಾಲಿಗೆ ಸಾಕ್ಸ್ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾಳೆ.

ಅಮ್ಮಂದಿರೇ, ಅಪ್ಪಂದಿರೇ, ಬೈಗುಳಕ್ಕೋ, ಸಾಕಿದ ಮರಿಯನ್ನು ಓಡಿಸುತ್ತೀರೆಂದೋ ಹೆದರಿ ಮಕ್ಕಳು ಗಾಯ ಮುಚ್ಚಿಡುತ್ತವೆ. ಬೈಯಬೇಡಿ, ಕೇಳಿ. ಸಾಕಿದ್ದಾಗಲಿ, ಬೀದಿಯದಾಗಲಿ, ನಾಯಿ ಕಚ್ಚಿದರೆ, ಪರಚಿದರೆ ಸೋಪು ಹಾಕಿ ತೊಳೆಯಿರಿ. ಎಣ್ಣೆ, ಸುಣ್ಣ, ಖಾರದಪುಡಿ ಏನನ್ನೂ ಹಚ್ಚದೆ ಅಂದೇ ಆಸ್ಪತ್ರೆಗೆ ಹೋಗಿ. ತಡವಾಗಿದ್ದರೂ ಹೋಗಿ, ಎಲ್ಲ ಸೂಜಿಗಳನ್ನೂ ಪೂರ್ತಿ ಹಾಕಿಸಿ. ಸಾಕಿದ ನಾಯಿಗೂ ಲಸಿಕೆ ಹಾಕಿಸಿ. ಚೆನ್ನಮ್ಮನವರ ಹಾಗೆ ನೀವೂ ಅನುಮಾನ ಪಡಿ. ಆದರೆ ಸೂಜಿಯ ಮೇಲಲ್ಲ, ಗಾಯದ ಮೇಲೆ.