ಹೆತ್ತವಳ ಎಂಜಲು

ಎದಿತಾಳನ್ನು ಹೆತ್ತವಳು ನಾನು. ಅವಳ ತಾಯಿ ಮಾನಾಂಗ್ ಕ್ರಿಸ್ಪುಲಾ. ಎರಡೂ ನಿಜ, ಸುಳ್ಳು ಇದ್ದದ್ದು ಜನನ ಪತ್ರದಲ್ಲಿ ಮಾತ್ರ.

ನನಗಾಗ ಹತ್ತೊಂಬತ್ತು, ಮದುವೆಯಾಗಿರಲಿಲ್ಲ. ನಾನು ಅಕ್ಕ ಎಂಬಂತೆ ಮಾನಾಂಗ್ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಕ್ರಿಸ್ಪುಲಾಗೆ ಮಕ್ಕಳಿರಲಿಲ್ಲ. ಸೂಲಗಿತ್ತಿ ಕೂಸನ್ನು ಒರೆಸಿ ನೇರ ಅವಳ ಕೈಗಿಟ್ಟಳು, ಪುರಸಭೆಯಲ್ಲಿ ಅವಳ ಹೆಸರನ್ನೇ ಬರೆಸಿದಳು. ಹಾಗೆ ಬೆಳೆದ ಮಕ್ಕಳು ನಮ್ಮ ದ್ವೀಪದಲ್ಲಿ ಬೀದಿಗೊಬ್ಬರಿದ್ದಾರೆ. ನಾನು ಬಾಯಿ ಮುಚ್ಚಿಕೊಂಡೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಕ್ರಿಸ್ತನ ಪಾಡಿನ ಪದಗಳನ್ನು ನಾವಿಬ್ಬರೂ ಒಟ್ಟಿಗೆ ಕೂತು ಹಾಡುತ್ತಿದ್ದೆವು. ಮಧ್ಯದಲ್ಲಿ ಎದಿತಾ ಪುಟ ತಿರುವುತ್ತಿದ್ದಳು.

ಹದಿನೇಳಕ್ಕೆ ಅವಳು ದೋನ್ ಅಮಾದೋನ ಭತ್ತದ ಗಿರಣಿಯಲ್ಲಿ ಚೀಲ ಹೊಲಿಯಲು ಸೇರಿದಳು. ಎರಡೇ ತಿಂಗಳಿಗೆ ಕಾಣೆಯಾದಳು. "ಯಾವನ್ದೋ ಜೊತೆ ಮನಿಲಾಗೆ ಓಡ್ಹೋಗಿದಾಳೆ," ಎಂದು ಪೊಲೀಸರು ಕಡತ ಮುಚ್ಚಿದರು. ಅದೇ ವಾರ ಗಿರಣಿಯ ಗೋದಾಮಿಗೆ ಹೊಸ ಸಿಮೆಂಟಿನ ನೆಲ ಬಿತ್ತು. ಯಾಕೆಂದು ಯಾರೂ ಕೇಳಲಿಲ್ಲ.

ಇಪ್ಪತ್ತನಾಲ್ಕು ವರ್ಷಗಳ ಮೇಲೆ ಚಂಡಮಾರುತವೊಂದು ಗೋದಾಮನ್ನು ಕೆಡವಿತು. ನೆಲ ಅಗೆದಾಗ ಮೂಳೆಗಳು ಸಿಕ್ಕವು. ಕೈ ಕಟ್ಟಿದ್ದ ಚರ್ಮದ ಬೆಲ್ಟೂ ಸಿಕ್ಕಿತು. "ಯುದ್ಧದಲ್ಲಿ ಜಪಾನಿಯರು ಕೊಂದೋರ್ದಿರ್ಬೇಕು," ಎಂದ ದೋನ್ ಅಮಾದೋ. ಆದರೆ ಈಗ ಒಂದು ಹಲ್ಲಿನ ಪುಡಿ ಸಾಕು, ಡಿಎನ್‌ಎ ನೋಡಿ ಯಾರ ಮಗುವೆಂದು ಹೇಳಿಬಿಡುತ್ತಾರೆ. ಹೋಲಿಸಿ ನೋಡಲು, ತಾಯಿಯೆಂದು ಕ್ರಿಸ್ಪುಲಾಳ ಎಂಜಲು ಕೇಳಿದರು.

"ನಿಂದು ಹೊಂದಲ್ಲ ಮಾನಾಂಗ್," ಎಂದೆ ಮೆಲ್ಲಗೆ.

"ಯಾಕ್ ಹೊಂದಲ್ಲ? ಹದಿನೇಳು ವರ್ಷ ನನ್ನ ಕೈ ಅನ್ನ ಉಂಡ ಮೂಳೆ ಅದು. ಸುಮ್ನಿರು ತೊನ್ಯಾ."

ಸುಮ್ಮನಿದ್ದೆ. ಆ ಪಾಪ ನನ್ನದು. ಈ ಮೂಳೆ ಅವಳ ಮಗಳದ್ದಲ್ಲ ಎಂದು ಪ್ರಯೋಗಾಲಯ ಬರೆಯಿತು. ಪೊಲೀಸರು ಎರಡನೆಯ ಸಲ ಕಡತ ಮುಚ್ಚಿದರು. ಮಾರನೆಯ ವಾರ ಮೀನು ಮಾರುಕಟ್ಟೆಯಲ್ಲಿ ದೋನ್ ಅಮಾದೋನ ಡ್ರೈವರ್ ಕ್ರಿಸ್ಪುಲಾಳನ್ನು ನೋಡಿ ಎಲ್ಲರಿಗೂ ಕೇಳುವಂತೆ ಕೂಗಿದ: "ಏನ್ ನಾನಾಯ್, ಕಂಡೋರ ಮೂಳೆಗೆಲ್ಲಾ ಅಳ್ತೀರಂತೆ? ನಮ್ಮನೇಲಿ ಹಂದಿ ಮೂಳೆ ಉಳ್ದಿದೆ, ಕಳಿಸ್ಲಾ?"

ಜನ ನಕ್ಕರು. ಅವಳು ಕೊಂಡ ಮೀನನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ನಾನು ಜಿಲ್ಲಾ ಕಚೇರಿಗೆ ಹೋಗಿ, ನಲವತ್ತೊಂದು ವರ್ಷ ಮುಚ್ಚಿದ್ದ ಬಾಯಿ ತೆರೆದೆ. ಕೆನ್ನೆಯ ಒಳಗೆ ಹತ್ತಿಯಿಂದ ಒರೆಸಿಕೊಂಡರು. ಹೊಂದಿತು. ಸತ್ತವಳು ಎದಿತಾ ಎಂದಾದ ಮೇಲೆ ನ್ಯಾಯಾಧೀಶರು ದೋನ್ ಅಮಾದೋನ ಎಂಜಲನ್ನೂ ತೆಗೆಸಿದರು. ಬೆಲ್ಟಿನ ಹೊಲಿಗೆಯಲ್ಲಿ ಉಳಿದಿದ್ದ ರಕ್ತ ಅವನದೇ. ಬಂಧಿಸಿದರು. ಬಂಧಿಸಿದ ದಿನವೇ ಅವನಿಗೆ ರಕ್ತದೊತ್ತಡ ಏರಿತು. ಆಸ್ಪತ್ರೆಯ ಏಸಿ ಕೋಣೆಗೆ ಸೇರಿಸಿದರು.

ಮೂಳೆ ತರಲು ನಾವಿಬ್ಬರೂ ಹೋದೆವು. ಗುಮಾಸ್ತ ಕಾಗದವನ್ನು ನನ್ನ ಕಡೆ ಸರಿಸಿದ.

"ತಾಯಿ ಅಂತ ಬರ್ದಿದೀನಿ, ಇಲ್ಲಿ ಸೈನ್ ಮಾಡಿ." ಕ್ರಿಸ್ಪುಲಾಳ ಕಡೆ ತಿರುಗಿದ. "ನಾನಾಯ್, ನೀವು ಹೊರಗೆ ಕೂತಿರಿ."

ನಾನಾಯ್ ಅಂದರೆ ಅಮ್ಮ. ಆ ಬಾಯಿಂದಲೇ ಅವಳನ್ನು ಹೊರಗೆ ಕಳಿಸುತ್ತಿದ್ದ. ಅವಳು ಎದ್ದೇಬಿಟ್ಟಳು! ಇಪ್ಪತ್ತನಾಲ್ಕು ವರ್ಷ ಪ್ರತಿ ಸೋಮವಾರ ಠಾಣೆಯ ಮೆಟ್ಟಿಲು ಹತ್ತಿದವಳು, ಚೀಲ ಎತ್ತಿಕೊಂಡು ಬಾಗಿಲಿಗೆ ಹೊರಟಳು.

"ಕೂತ್ಕೋ ಮಾನಾಂಗ್," ಎಂದೆ.

"ರಕ್ತ ಸಂಬಂಧಿಗೆ ಮಾತ್ರ ಕೊಡೋದು, ರೂಲ್ಸು," ಎಂದ ಗುಮಾಸ್ತ. "ಸುಳ್ಳು ಜನನ ಪತ್ರ ಮಾಡ್ಸಿದ್ದಕ್ಕೆ ಇವರ ಮೇಲೆ ಕೇಸಾಗ್ಬೇಕಿತ್ತು. ದೊಡ್ಡ ಮನಸ್ಸು ಮಾಡಿ ಸುಮ್ನಿದೀವಿ."

"ದೊಡ್ಡ ಮನಸ್ಸಾ?" ಎಂದೆ ನಾನು. "ಕೊಂದೋನು ತಂಪಲ್ಲಿ ಮಲಗಿ ದ್ರಾಕ್ಷಿ ತಿಂತಿದಾನೆ, ಸಾಕಿದೋಳ ಮೇಲೆ ಕೇಸಾ? ಕ್ರಿಸ್ತನ್ನ ಶಿಲುಬೆಯಿಂದ ಇಳಿಸಿ ಮಾತೆ ಮಡಿಲಿಗೆ ಹಾಕ್ದಾಗ ರೋಮಿನ ಸಿಪಾಯಿಗಳೂ ಅವಳ ಎಂಜಲು ಕೇಳ್ಲಿಲ್ಲ ಕಣಯ್ಯಾ!"

"ಕೂಗಾಡ್ಬೇಡಿ ಅಜ್ಜಿ."

"ಗುರುವಾರ ಕೋರ್ಟಲ್ಲಿ ಸಾಕ್ಷಿ ಹೇಳ್ಬೇಕಾದೋಳು ನಾನು ತಾನೆ? ಇವಳ ಹೆಸರಿಗೆ ಕೊಡ್ದಿದ್ರೆ ಬರಲ್ಲ. ನಿಮ್ಮ ಸರ್ಕಾರಿ ವಕೀಲರಿಗೆ ನೀನೇ ಹೇಳು."

ಕ್ರಿಸ್ಪುಲಾ ನನ್ನ ತೋಳು ಹಿಡಿದಳು. "ಬೇಡ ಕಣೇ. ಆ ಪಾಪಿ ತಪ್ಪಿಸ್ಕೊಂಡ್ಬಿಡ್ತಾನೆ. ಹೆಸರು ಯಾರ್ದಾದ್ರೇನು, ಮಗು ಮಣ್ಣಿಗೆ ಸೇರ್ಲಿ."

ಆದರೂ ನಾನು ಪೆನ್ನು ಮುಟ್ಟಲಿಲ್ಲ.

ಗುಮಾಸ್ತ ಎರಡು ಕಡೆ ಫೋನು ಮಾಡಿದ. ಒಂದೂವರೆ ಗಂಟೆ ಕಾಯಿಸಿದ. ಕೊನೆಗೆ ನನ್ನ ಹೆಸರಿನ ಕೆಳಗೆ ಅವಳದನ್ನೂ ಬರೆದು, ಪಕ್ಕದಲ್ಲಿ 'ಪಾಲಕಿ' ಎಂದು ಸೇರಿಸಿದ.

"ಅದನ್ನ ಹೊಡೆದ್ಹಾಕಿ ತಾಯಿ ಅಂತ ಬರಿ."

"ಇಬ್ಬರು ತಾಯಂದಿರಿಗೆ ಈ ಫಾರಮ್ಮಲ್ಲಿ ಜಾಗ ಇಲ್ಲ!"

"ಹಾಗಾದ್ರೆ ನನ್ನ ಹೆಸರು ಹೊಡೆದ್ಹಾಕು. ಗುರುವಾರ ಬರ್ತೀನಿ."

ಅವನು ಕಾಗದ ಹರಿಯುವಷ್ಟು ಒತ್ತಿ ನನ್ನ ಹೆಸರಿನ ಮೇಲೆ ಗೆರೆ ಎಳೆದ. ಕ್ರಿಸ್ಪುಲಾ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ರಟ್ಟಿನ ಪೆಟ್ಟಿಗೆ ಬಂತು. ಅದು ಅಷ್ಟು ಹಗುರವಿರಬಹುದೆಂದು ಅವಳು ಎಣಿಸಿರಲಿಲ್ಲ; ಎತ್ತಿದ ರಭಸಕ್ಕೆ ಹಿಂದಕ್ಕೆ ವಾಲಿದಳು. ನಾನು ಬೆನ್ನಿಗೆ ಕೈ ಕೊಟ್ಟು ನಿಂತೆ.